ನೌಕರಿಯ ಅರ್ಜಿಯೊಡನೆ ಬರೆಯುವ ಪತ್ರ

ನಾಸಿಕದ ಸಾತಪೂರ, ಅಂಬಡಗಳಲ್ಲಿಯೂ ಛತ್ರಪತಿ ಸಂಭಾಜಿನಗರದ ವಾಳೂಜ, ಚಿಕಲಠಾಣಗಳಲ್ಲಿಯೂ ಇರುವ ಕಾರಖಾನೆಗಳಿಗೆ ನಿಮ್ಮಲ್ಲಿ ಅನೇಕರು ಇನ್ನು ಕೆಲವೇ ವರ್ಷಗಳಲ್ಲಿ ಅರ್ಜಿ ಹಾಕುವವರಿದ್ದೀರಿ. ಸರಕಾರಿ ಹುದ್ದೆಗಳಿಗೆ ಸಾಮಾನ್ಯವಾಗಿ ಗೊತ್ತುಪಡಿಸಿದ ನಮೂನೆಯೂ ಪರೀಕ್ಷೆಯೂ ಇರುವುದರಿಂದ ಅಲ್ಲಿ ಪತ್ರಕ್ಕೆ ಅವಕಾಶ ಕಡಿಮೆ. ಖಾಸಗಿ ಕಚೇರಿಗಳಲ್ಲಿ ಹಾಗಲ್ಲ. ಅರ್ಹತೆಗಳ ಪಟ್ಟಿಯ ಮೇಲಿರಿಸಿದ, ಅಥವಾ ಈಗಿನ ರೂಢಿಯಂತೆ ಈಮೇಲಿನಲ್ಲಿ ಬರೆದ, ಒಂದು ಪುಟದ ಪತ್ರವು ನಿಮಗಿಂತ ಮೊದಲು ಒಳಗೆ ಹೋಗಿ ನಿಮ್ಮ ಪರವಾಗಿ ಮಾತನಾಡುತ್ತದೆ.

ಇಂಥ ಪತ್ರವೊಂದನ್ನು 1912ರ ಫೆಬ್ರುವರಿ 9ರಂದು ಮದರಾಸಿನ ತರುಣನೊಬ್ಬನು ಅಲ್ಲಿಯ ಪೋರ್ಟ್ ಟ್ರಸ್ಟ್ ಕಚೇರಿಗೆ ಬರೆದನು. ಅವನೇ ಮುಂದೆ ಗಣಿತಜ್ಞನೆಂದು ಕೀರ್ತಿ ಪಡೆದ ಶ್ರೀನಿವಾಸ ರಾಮಾನುಜನ್. ಗುಮಾಸ್ತೆಯ ಸ್ಥಾನ ಖಾಲಿ ಇರುವುದನ್ನು ತಿಳಿದು ಬರೆಯುತ್ತಿರುವುದಾಗಿ ಮೊದಲೇ ಹೇಳಿದನು. ಮೆಟ್ರಿಕ್ಯುಲೇಶನ್ ಮುಗಿಸಿ ಎಫ್. ಎ. ತರಗತಿಯವರೆಗೆ ಓದಿ, ಪ್ರತಿಕೂಲ ಸಂದರ್ಭಗಳಿಂದ ಓದು ನಿಂತುದನ್ನು ಮುಚ್ಚಿಡಲಿಲ್ಲ. ಆದರೆ ಆ ಕಾಲವನ್ನೆಲ್ಲ ಗಣಿತಕ್ಕೆ ಮೀಸಲಿಟ್ಟುದನ್ನು ಒಡನೆಯೇ ಸೇರಿಸಿದನು. ಕೆಲಸವನ್ನು ಸರಿಯಾಗಿ ನಿರ್ವಹಿಸಬಲ್ಲೆನೆಂಬ ನಂಬಿಕೆಯನ್ನು ಸೂಚಿಸಿ ಮುಗಿಸಿದನು. ಗಣಿತದ ಪ್ರಾಧ್ಯಾಪಕರೊಬ್ಬರ ಶಿಫಾರಸು ಪತ್ರವೂ ಜೊತೆಗಿದ್ದಿತು. ಮಾರ್ಚ್ 1ರಿಂದ ತಿಂಗಳಿಗೆ 30 ರೂಪಾಯಿಯ ಕೆಲಸ ದೊರೆಯಿತು. ಮರುವರ್ಷದ ಜನವರಿಯಲ್ಲಿ ಅವನು ಕೇಂಬ್ರಿಜ್ಜಿನ ಹಾರ್ಡಿಯವರಿಗೆ ಬರೆದ ಪತ್ರವು ಜಗತ್ಪ್ರಸಿದ್ಧವಾಯಿತು. ನಮಗೆ ಮಾತ್ರ ಈ ಗುಮಾಸ್ತೆಯ ಅರ್ಜಿಯೇ ಹೆಚ್ಚು ಉಪಯೋಗದ್ದೆಂದು ತೋರುತ್ತದೆ.

ಏಕೆಂದರೆ ನಮ್ಮ ಹುಡುಗರ ಕರಡುಗಳಲ್ಲಿ ಕಾಣುವುದು ಬೇರೆಯೇ ರೀತಿ. ‘ತಾವು ದಯಾಳುಗಳು, ನಾನು ಬಡವನು’ ಎಂದು ಅರ್ಧ ಪುಟ ತುಂಬಿರುತ್ತದೆ. ಅಧಿಕಾರಿಯು ತಿಳಿಯಬೇಕಾದುದು ನಿಮ್ಮ ಬಡತನವನ್ನಲ್ಲ, ನೀವು ಏನು ಮಾಡಬಲ್ಲಿರೆಂಬುದನ್ನು. ‘ಶ್ರಮಜೀವಿ, ಪ್ರಾಮಾಣಿಕ’ ಎಂಬ ಬಿರುದುಗಳನ್ನು ತಾವೇ ಧರಿಸುವುದಕ್ಕಿಂತ ‘ಎರಡು ಬೇಸಗೆಯ ರಜೆಗಳಲ್ಲಿ ಕಿರಾಣಿ ಅಂಗಡಿಯ ಲೆಕ್ಕ ಬರೆದಿದ್ದೇನೆ’ ಎಂಬ ಒಂದೇ ವಾಕ್ಯವು ಮೇಲು.

ಇನ್ನು ಕೆಲವರು ಕನ್ನಡ ಮಾಧ್ಯಮದಲ್ಲಿ ಓದಿದುದನ್ನು ಅಡಗಿಸುತ್ತಾರೆ. ಸಂದರ್ಶನದಲ್ಲಿ ಅದು ಹೊರಬಂದೇ ಬರುತ್ತದೆ. ಆಗ ಅಡಗಿಸಿದುದೇ ದೋಷವಾಗಿ ಕಾಣುತ್ತದೆ. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ, ಪೇಟೆಯಲ್ಲಿ ಹಿಂದಿ ಆಡುವವರು ನೀವು. ನಾಸಿಕದ ದ್ರಾಕ್ಷಿ, ಈರುಳ್ಳಿಗಳನ್ನು ಕರ್ನಾಟಕದ ಪೇಟೆಗಳಿಗೆ ಕಳುಹಿಸುವ ಸಾಗಾಣಿಕೆ ಕಚೇರಿಗೆ ಇದು ಸಣ್ಣ ಅರ್ಹತೆಯಲ್ಲ. ಧೈರ್ಯವಾಗಿ ಬರೆಯಿರಿ. ಪತ್ರವು ಇಂಗ್ಲಿಷಿನಲ್ಲಿರಬೇಕಾದರೆ ನಿಮಗೆ ಅರ್ಥವಾಗುವ ಚಿಕ್ಕ ವಾಕ್ಯಗಳೇ ಸಾಕು. ಎರವಲು ತಂದ ಭಾರೀ ಇಂಗ್ಲಿಷು ಮೊದಲನೆಯ ಪ್ರಶ್ನೆಗೇ ಕೈಬಿಡುತ್ತದೆ.

ಹೆಸರಿನ ವಿಷಯದಲ್ಲಿ ನಮ್ಮವರಿಗೆ ವಿಶೇಷ ತೊಡಕುಂಟು. ಈ ರಾಜ್ಯದ ರೂಢಿಯಲ್ಲಿ ತನ್ನ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಕ್ರಮವಿದೆ. ಮೈಸೂರು ಕಡೆಯ ಅನೇಕರಿಗೆ ಇನಿಷಿಯಲ್ಲುಗಳೇ ಆಧಾರ. ಮೇಲಾಗಿ ಮರಾಠಿಯ ರೂಢಿಯ ಬರವಣಿಗೆಯಲ್ಲಿ ಹ್ರಸ್ವ ಎಕಾರ, ಒಕಾರಗಳಿಗೆ ಬೇರೆ ಚಿಹ್ನೆಗಳಿಲ್ಲ. ಆದುದರಿಂದ ಅಂಕಪಟ್ಟಿಯಲ್ಲಿ ಇರುವಂತೆಯೇ ಅಕ್ಷರಶಃ ಹೆಸರು ಬರೆಯಿರಿ. ಔರಂಗಾಬಾದವೆಂದು ಅಚ್ಚಾದ ಹಳೆಯ ಪ್ರಮಾಣಪತ್ರಗಳಿದ್ದರೆ ಚಿಂತೆಯಿಲ್ಲ. ಊರಿನ ಹೆಸರು 2023ರಲ್ಲಿ ಬದಲಾದುದು ಎಲ್ಲರಿಗೂ ತಿಳಿದ ಸಂಗತಿ. ವಿಳಾಸದಲ್ಲಿ ಮಾತ್ರ ಈಗಿನ ಹೆಸರಿರಲಿ.

ದಿನಾಂಕ, ಫೋನ್ ನಂಬರು, ಹುದ್ದೆಯ ಹೆಸರು ಇವನ್ನು ಕಳುಹಿಸುವ ಮುನ್ನ ಮತ್ತೊಮ್ಮೆ ನೋಡಿರಿ. ಒಂದೇ ಪತ್ರವನ್ನು ನಕಲು ಮಾಡಿ ಹತ್ತು ಕಡೆ ಕಳುಹಿಸುವವರು ಇನ್ನೂ ಎಚ್ಚರದಿಂದಿರಬೇಕು. ವಾಳೂಜದ ಕಂಪನಿಗೆ ಹೋದ ಪತ್ರದಲ್ಲಿ ಅಂಬಡದ ಕಂಪನಿಯ ಹೆಸರು ಉಳಿದಿದ್ದರೆ ಓದುವವರು ಅದನ್ನು ಅಲ್ಲಿಗೇ ಬದಿಗಿಡುತ್ತಾರೆ.