ತಂದೆಯ ಹೆಸರಿನ ಅಂಕಣ

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಸೀಮೆಯಲ್ಲಿ ದೇವದಾಸಿ ಪದ್ಧತಿಗೆ ಬಲಿಯಾದ ತಾಯಂದಿರ ಮಕ್ಕಳು ಶಾಲೆಯ ಪ್ರವೇಶಪತ್ರದಲ್ಲೇ ಎಡವುತ್ತ ಬಂದಿದ್ದಾರೆ. 'ತಂದೆಯ ಹೆಸರು' ಎಂಬ ಅಂಕಣವೇ ಆ ಎಡರು. ಈ ತಾಯಂದಿರಲ್ಲಿ ಬಹುಪಾಲು ದಲಿತರೆಂಬುದನ್ನು ಮರೆಯಲಾಗದು.

ಕರ್ನಾಟಕವು 1982ರ ಅಧಿನಿಯಮದಿಂದ ದೇವದಾಸಿ ಸಮರ್ಪಣೆಯನ್ನು ನಿಷೇಧಿಸಿತು. ಆದರೆ ಸಮರ್ಪಣೆ ಅಪರಾಧವಾದ ಮಾತ್ರಕ್ಕೆ ಮಗುವಿನ ಮೇಲಿನ ಕಳಂಕ ಅಳಿಯಲಿಲ್ಲ. 2025ರಲ್ಲಿ ವಿಧಾನಮಂಡಲವು ಅಂಗೀಕರಿಸಿದ ಹೊಸ ಶಾಸನವು ತಂದೆಯ ಹೆಸರನ್ನು ತಿಳಿಸುವಂತೆ ಈ ಮಕ್ಕಳನ್ನು ಒತ್ತಾಯಿಸಬಾರದೆನ್ನುತ್ತದೆ. ಬಯಸಿದವರು ಪಿತೃತ್ವವನ್ನು ಸ್ಥಾಪಿಸಿಕೊಳ್ಳುವುದಕ್ಕೂ ದಾರಿಮಾಡಿಕೊಡುತ್ತದೆ.

2015ರ ಬಾಲನ್ಯಾಯ ಅಧಿನಿಯಮವು ಸಮಾನತೆಯನ್ನು ಮೂಲತತ್ತ್ವವೆಂದೂ, ಮಗುವನ್ನು ಸಂಸ್ಥೆಗೆ ಸೇರಿಸುವುದನ್ನು ಕಡೆಯ ಉಪಾಯವೆಂದೂ ಎಣಿಸುತ್ತದೆ. ಆದುದರಿಂದ ತಾಯಿಯೊಬ್ಬಳೇ ನಡೆಸುವ ಮನೆಯನ್ನು ಮುರಿದ ಮನೆಯೆಂದು ಭಾವಿಸಿ ಮಗುವನ್ನು ಅಗಲಿಸುವುದು ಕರುಣೆಯಂತೆ ಕಂಡರೂ ನ್ಯಾಯವಲ್ಲ. ಕಾನೂನಿನೊಡನೆ ಸಂಘರ್ಷಕ್ಕೊಳಗಾದ ಬಾಲಕನನ್ನು ವಿಚಾರಿಸುವಾಗಲೂ ತಾಯಿಯ ಪೂರ್ವವೃತ್ತಾಂತವನ್ನು ಅವನ ದೋಷವೆಂದು ಎಣಿಸಲಾಗದು.

ಆದಿಕಾಂಡದ 21ನೆಯ ಅಧ್ಯಾಯವನ್ನು ಈ ಬೆಳಕಿನಲ್ಲಿ ಓದೋಣ. ತಂದೆಯ ಮನೆಯಿಂದ ಹೊರದೂಡಲ್ಪಟ್ಟ ಹುಡುಗನ ಮೊರೆಯನ್ನು ದೇವರು ಕೇಳಿದನು. ಆದರೆ ಅವನನ್ನು ಹಾಗರಳಿಂದ ಬೇರ್ಪಡಿಸಲಿಲ್ಲ. ಮಗನ ಕೈಹಿಡಿಯುವಂತೆ ಅವಳಿಗೇ ಹೇಳಿ, ನೀರಿನ ಬಾವಿಯನ್ನು ತೋರಿಸಿದನು. ತಾಯಿಯನ್ನು ಬಲಪಡಿಸುವುದೇ ಅಲ್ಲಿ ಮಗುವಿನ ರಕ್ಷಣೆಯಾಯಿತು.

ಸಭಾಪಾಲಕರ ಬಳಿಯೂ ಒಂದು ದಾಖಲೆಪುಸ್ತಕವಿದೆ. ದೀಕ್ಷಾಸ್ನಾನಕ್ಕೆ ಮಗುವನ್ನು ತಂದ ತಾಯಿ ತನ್ನ ಹೆಸರೊಂದನ್ನೇ ಹೇಳಿದರೆ, ಬೇರೇನನ್ನೂ ಕೇಳದೆ ಅದನ್ನು ಗೌರವದಿಂದ ಬರೆದುಕೊಳ್ಳುವುದು ನಮ್ಮ ಸೇವೆಯ ಮೊದಲ ಪಾಠವಾಗಲಿ.