ಹಳೆಯ ಹಾಯಿದೋಣಿ: ನೀರು ಎಲ್ಲಿ ನಿಲ್ಲುತ್ತದೆ?

ಮರದ ದೋಣಿಗಳನ್ನು ಕುರಿತ ನಮ್ಮ ಮಾತುಕತೆ ಪ್ರಸಾರವಾದ ಮೇಲೆ ವೀಕ್ಷಕರಿಂದ ಬಂದ ಪತ್ರಗಳಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಕಾಣಿಸಿತು. ಮನೆಯ ಕಿಟಕಿಯ ಚೌಕಟ್ಟಿಗೆ ನಾಲ್ಕಾರು ಮಳೆಗಾಲ ನೀರು ಬಡಿದರೆ ಮರ ಕುಂಬಾಗುತ್ತದೆ. ಹಾಗಿರುವಾಗ ವರ್ಷದ ಬಹುಪಾಲು ಸಮುದ್ರದಲ್ಲೇ ತೇಲುವ ದೋಣಿ ಐವತ್ತು ವರ್ಷ ಬಾಳುವುದು ಹೇಗೆ? ಹಳೆಯ ಹಾಯಿದೋಣಿಯನ್ನು ತಾವೇ ದುರಸ್ತಿ ಮಾಡಿಕೊಳ್ಳಬೇಕೆನ್ನುವವರು ಮೊದಲು ತಿಳಿಯಬೇಕಾದ ಸಂಗತಿಯೂ ಈ ಪ್ರಶ್ನೆಯ ಉತ್ತರದಲ್ಲೇ ಇದೆ. ಕಾರ್ಯಕ್ರಮದ ಅವಧಿಯಲ್ಲಿ ಹೇಳಲಾಗದೆ ಉಳಿದದ್ದನ್ನು ಇಲ್ಲಿ ಸ್ವಲ್ಪ ವಿವರವಾಗಿ ನೋಡೋಣ.

ಮರ ಕುಂಬಾಗುವುದು ಏಕೆ?

ಮರವನ್ನು ಕೊಳೆಯಿಸುವ ಕೆಲಸ ಶಿಲೀಂಧ್ರಗಳದ್ದು. ಅವಕ್ಕೆ ಆಹಾರ, ತೇವ, ಗಾಳಿ ಮತ್ತು ಹದವಾದ ಶಾಖ ಈ ನಾಲ್ಕೂ ಒಟ್ಟಿಗೆ ಬೇಕು. ಮರದಲ್ಲಿರುವ ತೇವ ಅದರ ಒಣ ತೂಕದ ಸುಮಾರು ಶೇಕಡಾ 20ಕ್ಕಿಂತ ಕಡಿಮೆಯಿದ್ದರೆ ಅವು ಬೆಳೆಯಲಾರವು. ಸದಾ ಉಪ್ಪುನೀರಿನಲ್ಲಿ ಮುಳುಗಿರುವ ಹಲಗೆಯಲ್ಲಿ ತೇವ ಧಾರಾಳವಾಗಿದೆ, ಆದರೆ ಗಾಳಿ ಸಾಲದು. ಉಪ್ಪೂ ಶಿಲೀಂಧ್ರಕ್ಕೆ ಹಿಡಿಸದು. ಹೀಗಾಗಿ ದೋಣಿಯ ಮರ ಹೆಚ್ಚಾಗಿ ಕುಂಬಾಗುವುದು ನೀರಿನ ಮಟ್ಟದಿಂದ ಮೇಲೆ: ಮೇಲ್ಕಟ್ಟಿನ ಮೂಲೆಗಳಲ್ಲಿ, ಹಾಯಿಕಂಬದ ಬುಡದಲ್ಲಿ, ಕಬ್ಬಿಣದ ಬಳೆ ಅಥವಾ ಗೂಟ ಕೂರಿಸಿದ ಕಡೆಗಳಲ್ಲಿ. ಅಲ್ಲಿಗೆ ಇಳಿಯುವುದು ಮಳೆಯ ಸಿಹಿನೀರು. ಒಮ್ಮೆ ಒಳಗೆ ಇಳಿದ ಮೇಲೆ ಅದಕ್ಕೆ ಹೊರಬರುವ ದಾರಿಯಿರುವುದಿಲ್ಲ. ಹಿಂದಿನ ಕಾಲದ ಹಡಗು ಕಟ್ಟುವವರು ಪಕ್ಕೆಲುಬುಗಳ ನಡುವೆ ಕಲ್ಲುಪ್ಪು ತುಂಬುತ್ತಿದ್ದುದು ಇದೇ ಕಾರಣಕ್ಕೆ.

ನೀರಿನಡಿಯ ಭಾಗಕ್ಕೆ ಬೇರೆಯೇ ಶತ್ರುವಿದೆ. ಹಡಗುಹುಳು ಎಂದು ಕರೆದರೂ ಅದು ಹುಳುವಲ್ಲ, ಮರುವಾಯಿಯ ಬಳಗಕ್ಕೆ ಸೇರಿದ ಪ್ರಾಣಿ. ಮರಿಯಾಗಿದ್ದಾಗ ಗುಂಡುಸೂಜಿಯ ಮೊನೆಯಷ್ಟು ತೂತು ಮಾಡಿ ಒಳಹೊಕ್ಕು, ಹಲಗೆಯೊಳಗೇ ಬೆಳೆಯುತ್ತ ಸುರಂಗ ಕೊರೆಯುತ್ತದೆ. ಹೊರಗಿನಿಂದ ನೋಡಿದರೆ ಹಲಗೆ ಗಟ್ಟಿಯಾಗಿಯೇ ಕಾಣುತ್ತದೆ. ತಾಮ್ರದ ತಗಡು ಹೊದಿಸುವುದು, ತಾಮ್ರದ ಅಂಶವಿರುವ ಬಣ್ಣ ಬಳಿಯುವುದು, ದೋಣಿಯನ್ನು ಕೆಲವು ವಾರ ಹೊಳೆಯ ಸಿಹಿನೀರಿನಲ್ಲಿ ಕಟ್ಟಿಹಾಕುವುದು ಇವೆಲ್ಲ ಅದರ ವಿರುದ್ಧದ ಉಪಾಯಗಳು. ಹೀಗೆ ಮೇಲೆ ಕೇಡು ಮಾಡುವ ಸಿಹಿನೀರೇ ಕೆಳಗೆ ಮದ್ದೂ ಆಗುತ್ತದೆ.

ಮುಂಬಯಿಯಲ್ಲಿ ಹುಟ್ಟಿದ ಸುಹೈಲಿ

ಹಳೆಯ ದೋಣಿಯ ದುರಸ್ತಿ ಎಂದಾಗ ನೆನಪಾಗುವ ಹೆಸರು ‘ಸುಹೈಲಿ’. 32 ಅಡಿ ಉದ್ದದ ಈ ಎರಡು ಕಂಬದ ಹಾಯಿದೋಣಿಯನ್ನು 1960ರ ದಶಕದ ಮೊದಲ ವರ್ಷಗಳಲ್ಲಿ ಮುಂಬಯಿಯ ಬಡಗಿಗಳು ನಮ್ಮ ಸಾಗುವಾನಿ ಮರದಲ್ಲಿ ಕಟ್ಟಿದರು. ಇದನ್ನು ಕಟ್ಟಿಸಿದವರು ವ್ಯಾಪಾರಿ ಹಡಗಿನ ಅಧಿಕಾರಿಯಾಗಿದ್ದ ರಾಬಿನ್ ನಾಕ್ಸ್-ಜಾನ್ಸ್‌ಟನ್. 1968ರ ಜೂನ್ 14ರಂದು ಅವರು ಇಂಗ್ಲೆಂಡಿನ ಫಾಲ್ಮತ್ ಬಂದರಿನಿಂದ ಒಬ್ಬರೇ ಹೊರಟು, ಎಲ್ಲಿಯೂ ತಂಗದೆ ಪ್ರಪಂಚವನ್ನು ಸುತ್ತಿ, 1969ರ ಏಪ್ರಿಲ್ 22ರಂದು ಅದೇ ಬಂದರಿಗೆ ಮರಳಿದರು. ಅಂಥ ಸಾಹಸವನ್ನು ಪೂರೈಸಿದವರಲ್ಲಿ ಅವರೇ ಮೊದಲಿಗರು.

ಆದರೆ ಹೊರಟ ಕೆಲವೇ ವಾರಗಳಲ್ಲಿ ದೋಣಿಯೊಳಗೆ ನೀರು ಬರತೊಡಗಿತ್ತು. ನಾಕ್ಸ್-ಜಾನ್ಸ್‌ಟನ್ ನಡು ಅಟ್ಲಾಂಟಿಕ್‌ನಲ್ಲಿ ಮುಳುಗಿ ನೋಡಿದರು. ದೋಣಿಯ ಬೆನ್ನೆಲುಬಾದ ತಳದ ದಿಮ್ಮಿಯ ಹತ್ತಿರ, ಎರಡೂ ಪಕ್ಕಗಳಲ್ಲಿ, ಹಲಗೆಯ ಸಂದು ಹಲವು ಅಡಿ ಉದ್ದಕ್ಕೆ ಬಾಯಿ ಬಿಟ್ಟಿತ್ತು. ಉಸಿರು ಬಿಗಿಹಿಡಿದು ಸಂದಿಗೆ ಹತ್ತಿ ತುಂಬಲು ಹೋದರೆ ಅದು ನಿಲ್ಲದೆ ಹೊರಬರುತ್ತಿತ್ತು. ಕೊನೆಗೆ ಹತ್ತಿಯನ್ನು ಉದ್ದನೆಯ ಕ್ಯಾನ್ವಾಸ್ ಪಟ್ಟಿಗೆ ಹೊಲಿದು, ಟಾರು ಬಳಿದು, ತಾಮ್ರದ ಸಣ್ಣ ಮೊಳೆಗಳಿಂದ ನೀರಿನಡಿಯಲ್ಲೇ ಜಡಿದರು. ಅದರ ಮೇಲೆ ತಾಮ್ರದ ತಗಡು ಕೂರಿಸಿದರು. ಸುತ್ತ ಸುಳಿಯುತ್ತಿದ್ದ ಶಾರ್ಕ್ ಮೀನನ್ನು ಬಂದೂಕಿನಿಂದ ಕೊಂದು ಕೆಲಸ ಮುಂದುವರಿಸಬೇಕಾಯಿತು. ಮರಗೆಲಸ ಅಲ್ಲಿ ಹವ್ಯಾಸವಾಗಿ ಉಳಿದಿರಲಿಲ್ಲ. ಜೀವ ಅದನ್ನೇ ನೆಚ್ಚಿಕೊಂಡಿತ್ತು.

ಸಂದು ತುಂಬುವ ಬಗೆ

ಹಲಗೆಯ ಸಂದು ಬಾಯಿ ಬಿಡುವುದೇಕೆ? ಮರ ತೇವ ಹೀರಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಉದ್ದಕ್ಕೆ ಆಗುವ ವ್ಯತ್ಯಾಸ ಲೆಕ್ಕಕ್ಕಿಲ್ಲ. ಅಗಲಕ್ಕೆ ಆಗುವುದೇ ಮುಖ್ಯ. ಹಸಿ ಸಾಗುವಾನಿ ಪೂರ್ತಿ ಒಣಗಿದರೆ ವಾರ್ಷಿಕ ಬಳೆಗಳ ಗುಂಟ ಸುಮಾರು ಶೇಕಡಾ 5ರಿಂದ 6ರಷ್ಟು, ಬಳೆಗಳಿಗೆ ಅಡ್ಡವಾಗಿ ಅದರ ಅರ್ಧದಷ್ಟು ಕುಗ್ಗುತ್ತದೆ. ಬೇರೆ ಎಷ್ಟೋ ಮರಗಳು ಇನ್ನೂ ಹೆಚ್ಚು ಕುಗ್ಗುತ್ತವೆ. ಸಾಗುವಾನಿಯನ್ನು ದೋಣಿಗೆ ಮೆಚ್ಚುವುದಕ್ಕೆ ಅದರೊಳಗಿನ ಎಣ್ಣೆಯಂತೆ ಈ ಗುಣವೂ ಕಾರಣ.

ಸಂದಿನ ಒಳಬದಿ ಬಿಗಿಯಾಗಿರಬೇಕು, ಹೊರಬದಿ ತುಸು ಅಗಲವಾಗಿರಬೇಕು. ಹಳೆಯ ಹತ್ತಿಯನ್ನು ಕೆದಕಿ ತೆಗೆದು, ಹೊಸ ಹತ್ತಿಯ ಎಳೆಯನ್ನು ಹುರಿ ಮಾಡಿ, ಮೊಂಡು ಉಳಿಯಿಟ್ಟು ಕೊಡತಿಯಿಂದ ಹದವಾಗಿ ಬಡಿದು ಒಳಗೆ ಕೂರಿಸಬೇಕು. ಅದರ ಮೇಲೆ ಪುಟ್ಟಿ. ಹೆಚ್ಚು ಬಡಿದರೆ ಹಲಗೆ ಉಬ್ಬಿದಾಗ ಹತ್ತಿ ಹಿಂದೆ ಸರಿಯಲು ಜಾಗವಿಲ್ಲದೆ, ಹಲಗೆಯೇ ಪಕ್ಕೆಲುಬಿನಿಂದ ಕಿತ್ತು ಬರಬಹುದು. ಹಿಂದೆ ಬಳಸುತ್ತಿದ್ದ ಸೀಸದ ಸಿಂಧೂರದ ಪುಟ್ಟಿ ವಿಷಕಾರಿ. ಈಗ ಸೀಸವಿಲ್ಲದ ಪುಟ್ಟಿಗಳು ದೊರೆಯುತ್ತವೆ.

ತಿಂಗಳುಗಟ್ಟಲೆ ದಡದಲ್ಲಿದ್ದ ದೋಣಿಯನ್ನು ನೀರಿಗಿಳಿಸಿದರೆ ಮೊದಲ ಒಂದೆರಡು ದಿನ ನೀರು ಒಸರುವುದು ಸಹಜ. ಹಲಗೆ ಉಬ್ಬಿಕೊಂಡಂತೆ ಸಂದು ತಾನೇ ಮುಚ್ಚುತ್ತದೆ. ಗಾಬರಿಯಾಗಿ ಸಂದಿನೊಳಗೆ ಕಲ್ಲಿನಂತೆ ಗಟ್ಟಿಯಾಗುವ ಅಂಟು ಸುರಿಯಬಾರದು.

ಮೊಳೆ, ಸ್ಕ್ರೂ ಮತ್ತು ಲೋಹ

ಹಳೆಯ ದೋಣಿಯಲ್ಲಿ ಮರ ಚೆನ್ನಾಗಿದ್ದು ಮೊಳೆ ಸತ್ತಿರುವುದು ಸಾಮಾನ್ಯ. ಕಬ್ಬಿಣ ತುಕ್ಕಾದಾಗ ಅದರ ಗಾತ್ರ ಹಲವು ಪಟ್ಟು ಹೆಚ್ಚಿ ಸುತ್ತಲಿನ ಮರವನ್ನು ಸೀಳುತ್ತದೆ. ಮೊಳೆಯ ತಲೆಯ ಸುತ್ತ ಕಪ್ಪು ಕಲೆ ಕಂಡರೆ ಎಚ್ಚರವಹಿಸಬೇಕು. ತುಕ್ಕು ಹಿಡಿಯುವುದಿಲ್ಲವೆಂದು ಅಂಗಡಿಯಿಂದ ಹಿತ್ತಾಳೆ ಸ್ಕ್ರೂ ತಂದು ಹಾಕುವವರಿದ್ದಾರೆ. ಹಿತ್ತಾಳೆಯೆಂದರೆ ತಾಮ್ರ ಮತ್ತು ಸತುವಿನ ಮಿಶ್ರಣ. ಉಪ್ಪುನೀರಿನಲ್ಲಿ ಸತು ಮೆಲ್ಲಗೆ ಕರಗಿಹೋಗಿ, ಪುಡಿಪುಡಿಯಾದ ಕೆಂಪು ತಾಮ್ರವಷ್ಟೇ ಉಳಿಯುತ್ತದೆ. ಸ್ಕ್ರೂ ನೋಡಲು ಇರುತ್ತದೆ, ತಿರುಗಿಸಿದರೆ ಮುರಿದು ಕೈಗೆ ಬರುತ್ತದೆ. ನೀರಿನಡಿಗೆ ತಾಮ್ರ ಅಥವಾ ಕಂಚೇ ಸರಿ. ಸುಹೈಲಿಯಲ್ಲೂ ಕಬ್ಬಿಣದ ಬಂಧಗಳು ಕಾಲಕ್ರಮದಲ್ಲಿ ತುಕ್ಕು ಹಿಡಿದು, ಅವನ್ನು ಬದಲಾಯಿಸಬೇಕಾಯಿತು.

ತೇಪೆ ಹಾಕುವ ಬಗೆ

ಕೊಡತಿಯಿಂದ ಹಲಗೆಯನ್ನು ಮೆಲ್ಲಗೆ ತಟ್ಟುತ್ತ ಹೋಗಿ. ಗಟ್ಟಿ ಮರ ಕಣಿ ಎನ್ನುತ್ತದೆ, ಕುಂಬಾದದ್ದು ಮಂಕಾಗಿ ಗೊಬ್ ಎನ್ನುತ್ತದೆ. ಅನುಮಾನವಿದ್ದ ಕಡೆ ಚೂಪಾದ ಸ್ಕ್ರೂಡ್ರೈವರ್ ಒತ್ತಿ ನೋಡಿ. ಕೆಟ್ಟ ಭಾಗವನ್ನಷ್ಟೇ ಕತ್ತರಿಸಿದರೆ ಸಾಲದು. ಶಿಲೀಂಧ್ರದ ಎಳೆಗಳು ಕಣ್ಣಿಗೆ ಕಾಣದಂತೆ ಮುಂದಕ್ಕೂ ಹಬ್ಬಿರುತ್ತವೆ. ಗಟ್ಟಿ ಮರ ಸಿಕ್ಕ ಮೇಲೂ ಒಂದು ಗೇಣು ಮುಂದೆ ಹೋಗಿ ಕತ್ತರಿಸುವುದು ಒಳ್ಳೆಯದು.

ಹೊಸ ತುಂಡನ್ನು ಹಲಗೆಯ ತುದಿಗೆ ತುದಿಯಿಟ್ಟು ಅಂಟಿಸಿದರೆ ನಿಲ್ಲುವುದಿಲ್ಲ. ಎರಡನ್ನೂ ಓರೆಯಾಗಿ ಕೀಸಿ ಒಂದರ ಮೇಲೊಂದು ಕೂರಿಸಬೇಕು. ಒಂದು ಇಂಚು ದಪ್ಪದ ಹಲಗೆಗೆ ಕನಿಷ್ಠ ಎಂಟು ಇಂಚು ಉದ್ದದ ಓರೆ ಬೇಕು, ಹಾಯಿಕಂಬಕ್ಕಾದರೆ ಹನ್ನೆರಡು. ಸಾಗುವಾನಿಯ ಎಣ್ಣೆ ಅಂಟನ್ನು ಹಿಡಿಯಗೊಡದು. ಆದ್ದರಿಂದ ಅಂಟು ಹಚ್ಚುವ ಮೊದಲು ಅಸಿಟೋನ್‌ನಿಂದ ಒರೆಸಿ, ಅದು ಆರಿದ ಕೂಡಲೇ ಎಪಾಕ್ಸಿ ಹಚ್ಚಬೇಕು. ತಡಮಾಡಿದರೆ ಒಳಗಿನ ಎಣ್ಣೆ ಮತ್ತೆ ಮೇಲೆ ಬರುತ್ತದೆ.

ನಾನು ಮಾಡಿದ ತಪ್ಪು

ವಿಜ್ಞಾನ ಓದಿದವನೆಂಬ ಧೈರ್ಯದಲ್ಲಿ ನಾನೇ ಒಮ್ಮೆ ಕೈಸುಟ್ಟುಕೊಂಡಿದ್ದೇನೆ. ಗಂಗೊಳ್ಳಿ ಹೊಳೆಯಲ್ಲಿ ನನ್ನ ಸೋದರಮಾವನದೊಂದು ಸಣ್ಣ ಹಳೆಯ ಹಾಯಿದೋಣಿಯಿತ್ತು. ಪ್ರತಿವರ್ಷ ಮಳೆಗಾಲಕ್ಕೆ ಮುಂಚೆ ಅದನ್ನು ದಡಕ್ಕೆಳೆದು, ಬೂತಾಯಿ ಮೀನಿನ ಎಣ್ಣೆ ಬಳಿದು, ಮಡಲು ಹೊದಿಸಿಡುತ್ತಿದ್ದರು. ಆ ಎಣ್ಣೆಯ ವಾಸನೆಗೆ ಬೇಸತ್ತು, ಒಂದು ವರ್ಷ ರಜೆಯಲ್ಲಿ ಹೋದಾಗ ನಾನು ಉಪ್ಪುಕಾಗದ ತಿಕ್ಕಿ, ಮೇಲ್ಭಾಗಕ್ಕೆಲ್ಲ ಎಪಾಕ್ಸಿ ಬಳಿದು ಕನ್ನಡಿಯಂತೆ ಹೊಳೆಸಿದೆ. ಎರಡು ವರ್ಷಕ್ಕೆ ಅಂಚಿನ ಹಲಗೆ ಒತ್ತಿದರೆ ಬೆರಳು ಒಳಗೆ ಹೋಗುವಂತಾಯಿತು. ನಾನು ಬಳಿಯುವಾಗ ಮರ ಒಳಗೆ ಹಸಿಯಾಗಿಯೇ ಇತ್ತು. ಮಾವ ಬೈಯಲಿಲ್ಲ. “ನೀರ್ ಒಳ್ಗಿಟ್ಕಂಡ್ ಬಾಗ್ಲ್ ಹಾಕಿದ್ಯಲ್ಲ ಮಾರಾಯ” ಎಂದರಷ್ಟೆ. ಅಂಚಿನ ಎರಡು ಹಲಗೆಗಳನ್ನೂ ಬದಲಾಯಿಸಬೇಕಾಯಿತು.

ಎಪಾಕ್ಸಿ ಕೆಟ್ಟದ್ದೆಂದು ಇದರ ಅರ್ಥವಲ್ಲ. ಪೂರ್ತಿ ಒಣಗಿದ ಮರಕ್ಕೆ, ಎಲ್ಲ ಬದಿಗೂ ಬಳಿದರೆ ಅದು ಒಳ್ಳೆಯ ರಕ್ಷಣೆ. ವಾರ್ನಿಶ್ ಆದರೆ ಹಲವು ಸಲ ತೆಳ್ಳಗೆ ಬಳಿದು, ಬಿರುಕು ಬಿಡುವ ಮೊದಲೇ ಮತ್ತೆ ಬಳಿಯುತ್ತಿರಬೇಕು. ಬಿಸಿಲಿನ ಅತಿನೇರಳೆ ಕಿರಣ ಅದನ್ನು ಒಡೆಯುತ್ತದೆ. ಒಂದು ಸಣ್ಣ ಬಿರುಕಿದ್ದರೂ ನೀರು ಅಡಿಗೆ ಸೇರುತ್ತದೆ. ಮೀನೆಣ್ಣೆಯ ಲೇಪ ಬೇಗ ಸವೆಯುತ್ತದೆ, ಆದರೆ ಮರ ಆರುವುದನ್ನು ತಡೆಯುವುದಿಲ್ಲ. ಅದನ್ನು ಮತ್ತೆ ಬಳಿಯಲು ಪ್ರತಿವರ್ಷ ಇಡೀ ದೋಣಿಯ ಮೇಲೆ ಕೈಯಾಡಿಸಲೇಬೇಕು. ಆಗ ಎಲ್ಲಿ ಮೆತ್ತಗಾಗಿದೆಯೆಂಬುದು ಕೈಗೇ ತಿಳಿಯುತ್ತದೆ.

ಒಣಗಿಸಿದರೂ ಕೆಡುಕೇ

ಹಾಗಾದರೆ ದೋಣಿಯನ್ನು ಪೂರ್ತಿ ಒಣ ಜಾಗದಲ್ಲಿಟ್ಟರಾಯಿತಲ್ಲ ಎನ್ನಬಹುದು. ಸುಹೈಲಿಯನ್ನು ಕೆಲವು ವರ್ಷ ಗ್ರೀನಿಚ್‌ನ ರಾಷ್ಟ್ರೀಯ ಸಾಗರ ವಸ್ತುಸಂಗ್ರಹಾಲಯದಲ್ಲಿ ಇಡಲಾಗಿತ್ತು. ಅಲ್ಲಿಯ ನಿಯಂತ್ರಿತ ಹವೆಯಲ್ಲಿ ಅದರ ಹಲಗೆಗಳು ಕುಗ್ಗತೊಡಗಿದವು. 2002ರಲ್ಲಿ ನಾಕ್ಸ್-ಜಾನ್ಸ್‌ಟನ್ ದೋಣಿಯನ್ನು ಅಲ್ಲಿಂದ ಹೊರತಂದು ದುರಸ್ತಿಗೆ ಕೈಹಾಕಿದರು. ವರ್ಷಗಳ ಕೆಲಸದ ನಂತರ ಅದು ಮತ್ತೆ ನೀರಿಗಿಳಿಯಿತು. ಮೂರು ಮಹಾಸಾಗರಗಳನ್ನು ತಡೆದುಕೊಂಡ ಹಲಗೆ ಒಣ ಕೋಣೆಯನ್ನು ತಡೆದುಕೊಳ್ಳಲಿಲ್ಲ.

ಆದ್ದರಿಂದ ಹಳೆಯ ದೋಣಿ ಇರುವವರು ಹೊಸ ಉಪಕರಣ ಕೊಳ್ಳುವ ಮೊದಲು ಒಂದು ಕೆಲಸ ಮಾಡಬಹುದು. ಜೋರು ಮಳೆ ನಿಂತು ಅರ್ಧ ದಿನ ಕಳೆದ ಮೇಲೆ ಟಾರ್ಚ್ ಹಿಡಿದು ದೋಣಿಯೊಳಗೆ ಇಳಿಯಿರಿ. ಎಲ್ಲವೂ ಆರಿದ ಮೇಲೂ ಎಲ್ಲೆಲ್ಲಿ ಒದ್ದೆ ಉಳಿದಿದೆ ಎಂಬುದನ್ನು ನೋಟ್‌ಪುಸ್ತಕದಲ್ಲಿ ಬರೆದುಕೊಳ್ಳಿ. ಮುಂದಿನ ಬೇಸಿಗೆಯಲ್ಲಿ ಮಾಡಬೇಕಾದ ಮರಗೆಲಸದ ಪಟ್ಟಿ ಅದೇ.