ಕಾಫಿ ಮತ್ತು ಸಕ್ಕರೆ ಕಾಯಿಲೆ: ಬೆಳೆಗಾರರು ತಿಳಿದಿರಬೇಕಾದ ಕೆಲವು ಸಂಗತಿಗಳು

ಕಾಫಿ ಬೆಳೆಯುವವರು ನಾವು, ಕುಡಿಯುವವರೂ ನಾವೇ. ಬಾಬಾಬುಡನ್‌ಗಿರಿಯ ಇಳಿಜಾರಿನ ಕಾಫಿ ತೋಟವಿರಲಿ, ಚೌಳಹಿರಿಯೂರು ಸೀಮೆಯ ಅಡಿಕೆ ತೋಟವಿರಲಿ, ಮನೆಗೆ ಬಂದವರ ಕೈಗೆ ಮೊದಲು ಕೊಡುವುದು ಒಂದು ಲೋಟ ಕಾಫಿಯನ್ನು. ಆದರೆ ಈಚೆಗೆ ಅನೇಕ ಮನೆಗಳಲ್ಲಿ ‘ನನಗೆ ಸಕ್ಕರೆ ಇಲ್ಲದ್ದು’ ಎನ್ನುವ ಮಾತು ಹೆಚ್ಚಾಗಿ ಕೇಳಿಬರುತ್ತಿದೆ. ಸಕ್ಕರೆ ಕಾಯಿಲೆ ಬಂದರೆ ಕಾಫಿ ಬಿಡಲೇಬೇಕೆಂದು ಕೆಲವರು ಹೇಳಿದರೆ, ಕಾಫಿಯೇ ಆ ಕಾಯಿಲೆಗೆ ಮದ್ದೆಂದು ಮತ್ತೆ ಕೆಲವರು ಹೇಳುತ್ತಾರೆ. ಇವೆರಡರಲ್ಲಿ ಸತ್ಯವೆಷ್ಟು ಎಂಬುದನ್ನು ಸದಸ್ಯ ಬಾಂಧವರ ತಿಳುವಳಿಕೆಗಾಗಿ ಇಲ್ಲಿ ಸ್ಥೂಲವಾಗಿ ವಿವರಿಸಲಾಗಿದೆ.

ಕಾಯಿಲೆಯ ಸ್ವರೂಪ

ನಾವು ಉಂಡ ಅನ್ನ, ಮುದ್ದೆ, ರೊಟ್ಟಿ ಎಲ್ಲವೂ ಜೀರ್ಣವಾಗಿ ಸಕ್ಕರೆಯ ರೂಪದಲ್ಲಿ ರಕ್ತವನ್ನು ಸೇರುತ್ತವೆ. ಕಾಲುವೆಯಲ್ಲಿ ನೀರು ತುಂಬಿ ಹರಿದರೂ ತೂಬು ತೆರೆಯದೆ ಗದ್ದೆಗೆ ನೀರು ಬಾರದಷ್ಟೆ. ಹಾಗೆಯೇ ರಕ್ತದ ಸಕ್ಕರೆ ದೇಹದ ಕಣಗಳನ್ನು ಸೇರಬೇಕಾದರೆ ಮೇದೋಜೀರಕ ಗ್ರಂಥಿ ಒದಗಿಸುವ ಇನ್ಸುಲಿನ್ ಬೇಕು. ಅದು ಸಾಲದಾದಾಗ, ಅಥವಾ ಇದ್ದೂ ದೇಹ ಅದಕ್ಕೆ ಓಗೊಡದಿದ್ದಾಗ, ಸಕ್ಕರೆ ರಕ್ತದಲ್ಲಿಯೇ ಉಳಿಯುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಮಧುಮೇಹವಿದೆ, ಇನ್ನೂ 13.6 ಕೋಟಿ ಜನರು ಅದರ ಹೊಸ್ತಿಲಲ್ಲಿದ್ದಾರೆ. ಇದು ಪೇಟೆಯವರ ಕಾಯಿಲೆ, ನಮಗಲ್ಲ ಎಂದು ಹಳ್ಳಿಯವರು ನಿಶ್ಚಿಂತೆಯಿಂದಿರುವ ಕಾಲ ಈಗಿಲ್ಲ.

ಸಂಶೋಧನೆ ಹೇಳುವುದೇನು?

2002ರಲ್ಲಿ ಹಾಲೆಂಡಿನ ಸಂಶೋಧಕರು 17,000ಕ್ಕೂ ಹೆಚ್ಚು ಜನರ ಅಧ್ಯಯನವೊಂದನ್ನು ಪ್ರಕಟಿಸಿದರು. ದಿನಕ್ಕೆ 2 ಕಪ್ ಅಥವಾ ಅದಕ್ಕಿಂತ ಕಡಿಮೆ ಕಾಫಿ ಕುಡಿಯುವವರಿಗೆ ಹೋಲಿಸಿದರೆ, 7 ಕಪ್ಪಿಗೆ ಕಡಿಮೆಯಿಲ್ಲದಂತೆ ಕುಡಿಯುವವರಲ್ಲಿ ಮಧುಮೇಹ ಬರುವ ಸಂಭವ ಸುಮಾರು ಅರ್ಧದಷ್ಟಿತ್ತು. 2014ರಲ್ಲಿ ಇಂತಹ 28 ಅಧ್ಯಯನಗಳನ್ನು, ಎಂದರೆ 11 ಲಕ್ಷ ಜನರ ವಿವರಗಳನ್ನು, ಒಟ್ಟುಗೂಡಿಸಿ ನೋಡಿದಾಗಲೂ ಇದೇ ಬಗೆಯ ಫಲಿತಾಂಶ ಕಂಡುಬಂತು. ಕೆಫೀನ್ ತೆಗೆದ ಕಾಫಿ ಕುಡಿಯುವವರಲ್ಲಿಯೂ ಹೀಗೆಯೇ ಇದ್ದುದರಿಂದ, ಈ ಗುಣ ಕೆಫೀನಿನದಲ್ಲ, ಬೀಜದಲ್ಲಿರುವ ಕ್ಲೋರೋಜೆನಿಕ್ ಆಮ್ಲದಂತಹ ಬೇರೆ ಅಂಶಗಳದಿರಬೇಕೆಂದು ತಜ್ಞರು ಊಹಿಸುತ್ತಾರೆ.

ಆದರೆ ಒಂದು ಎಚ್ಚರಿಕೆ ಅಗತ್ಯ. ತೋಟದಲ್ಲಿ ಒಂದು ವರ್ಷ ಇಳುವರಿ ಹೆಚ್ಚಾದರೆ ಅದು ಗೊಬ್ಬರದಿಂದಲೋ, ಹದವಾದ ಮಳೆಯಿಂದಲೋ ಎಂದು ಥಟ್ಟನೆ ಹೇಳಲಾಗುವುದಿಲ್ಲ. ಹಾಗೆಯೇ ಕಾಫಿ ಕುಡಿಯುವವರಲ್ಲಿ ಕಾಯಿಲೆ ಕಡಿಮೆಯೆಂದ ಮಾತ್ರಕ್ಕೆ ಕಾಫಿಯೇ ಕಾರಣವೆಂದು ಸಿದ್ಧವಾಗುವುದಿಲ್ಲ. ಬಂದ ಕಾಯಿಲೆಯನ್ನು ಕಾಫಿ ವಾಸಿ ಮಾಡುತ್ತದೆಂದು ಈ ಅಧ್ಯಯನಗಳು ಎಲ್ಲಿಯೂ ಹೇಳಿಲ್ಲ. ಇದನ್ನು ನಂಬಿ ಮಾತ್ರೆ ಬಿಡುವುದು ಅಪಾಯಕರ.

ನಾಣ್ಯದ ಇನ್ನೊಂದು ಮುಖವೂ ಇದೆ. ಕೆಫೀನ್ ದೇಹ ಸೇರಿದ ಕೆಲವು ಗಂಟೆಗಳ ಕಾಲ ಇನ್ಸುಲಿನ್‌ನ ಕೆಲಸ ಸ್ವಲ್ಪ ಮಂದವಾಗುತ್ತದೆ. 2020ರಲ್ಲಿ ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದವರು 29 ಮಂದಿ ಆರೋಗ್ಯವಂತರ ಮೇಲೆ ಪ್ರಯೋಗ ನಡೆಸಿದರು. ರಾತ್ರಿ ನಿದ್ದೆ ಕೆಟ್ಟವರು ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಗಟ್ಟಿಯಾದ ಕಪ್ಪು ಕಾಫಿ ಕುಡಿದು, ಅನಂತರ ಸಕ್ಕರೆಯ ಪಾನೀಯ ಕುಡಿದಾಗ, ರಕ್ತದ ಸಕ್ಕರೆ ಏರುವ ಪ್ರಮಾಣ ಸುಮಾರು ಶೇಕಡಾ 50ರಷ್ಟು ಹೆಚ್ಚಿತ್ತು. ಅಡಿಕೆ ಸುಲಿಯುವ ದಿನಗಳಲ್ಲಿ ರಾತ್ರಿಯಿಡೀ ಎದ್ದಿದ್ದು, ಬೆಳಕು ಹರಿಯುತ್ತಲೇ ಗಟ್ಟಿ ಕಾಫಿ ಕುಡಿಯುವವರು ಇದನ್ನು ಗಮನಿಸತಕ್ಕದ್ದು. ಅಂತಹ ದಿನ ಮೊದಲು ತಿಂಡಿ, ಆಮೇಲೆ ಕಾಫಿ ಎಂಬ ಕ್ರಮ ಒಳ್ಳೆಯದು.

ಲೋಟದೊಳಗಿನ ಲೆಕ್ಕ

ನಮ್ಮ ಲೋಟದಲ್ಲಿ ಡಿಕಾಕ್ಷನ್‌ಗಿಂತ ಹೆಚ್ಚಿನ ಕೆಡುಕು ಮಾಡುವುದು ಅದಕ್ಕೆ ಬೆರೆಸುವ ಸಕ್ಕರೆ. ಒಂದು ಸಣ್ಣ ಚಮಚ ಸಕ್ಕರೆ ಸುಮಾರು 5 ಗ್ರಾಂ. ಲೋಟಕ್ಕೆ 2 ಚಮಚದಂತೆ ದಿನಕ್ಕೆ 5 ಲೋಟ ಕುಡಿದರೆ 50 ಗ್ರಾಂ. ತಿಂಗಳಿಗೆ ಒಂದೂವರೆ ಕಿಲೋ. ವರ್ಷಕ್ಕೆ 18 ಕಿಲೋ! ಹೀಗೆ ಸೇರಿಸಿಕೊಳ್ಳುವ ಸಕ್ಕರೆ ದಿನಕ್ಕೆ 50 ಗ್ರಾಂ ಮೀರಬಾರದು, 25 ಗ್ರಾಂನೊಳಗಿದ್ದರೆ ಇನ್ನೂ ಒಳ್ಳೆಯದು ಎಂಬುದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ನೀಡಿದ ಸಲಹೆಯ ಸಾರ. ಅಂದರೆ ಇಡೀ ದಿನದ ಪಾಲು ಕಾಫಿಯಲ್ಲಿಯೇ ಮುಗಿದುಹೋಯಿತು. ಬೆಲ್ಲದ ಕಾಫಿಯಾದರೆ ತೊಂದರೆಯಿಲ್ಲ ಎಂಬುದೂ ತಪ್ಪು ತಿಳುವಳಿಕೆ. ಬೆಲ್ಲದ ಬಹುಪಾಲು ಸಕ್ಕರೆಯೇ.

ಇನ್ನು ಕೆಫೀನಿನ ಮಿತಿ. 2024ರ ರಾಷ್ಟ್ರೀಯ ಆಹಾರ ಮಾರ್ಗಸೂಚಿಯಂತೆ ದಿನಕ್ಕೆ 300 ಮಿ.ಗ್ರಾಂ. ಕೆಫೀನ್ ಮೀರಬಾರದು. 150 ಮಿ.ಲೀ. ಡಿಕಾಕ್ಷನ್ ಕಾಫಿಯಲ್ಲಿ 80ರಿಂದ 120 ಮಿ.ಗ್ರಾಂ. ಇರುತ್ತದೆ. ರೋಬಸ್ಟಾದಲ್ಲಿ ಕೆಫೀನ್ ಅರೇಬಿಕಾದ ಸುಮಾರು ಎರಡರಷ್ಟು; ಚಿಕೋರಿಯಲ್ಲಿ ಕೆಫೀನ್ ಇಲ್ಲ. ಊಟಕ್ಕೆ ಒಂದು ಗಂಟೆ ಮೊದಲು ಹಾಗೂ ಊಟವಾದ ಒಂದು ಗಂಟೆಯವರೆಗೆ ಕಾಫಿ, ಟೀ ಕುಡಿದರೆ ಆಹಾರದ ಕಬ್ಬಿಣಾಂಶ ದೇಹಕ್ಕೆ ಸರಿಯಾಗಿ ಹತ್ತುವುದಿಲ್ಲವೆಂದೂ ಅದೇ ಮಾರ್ಗಸೂಚಿ ಹೇಳುತ್ತದೆ. ರಕ್ತಹೀನತೆಯುಳ್ಳ ಹೆಣ್ಣುಮಕ್ಕಳು ಇದನ್ನು ನೆನಪಿಡಬೇಕು.

ಎಲೆ ಅಡಿಕೆಯ ವಿಚಾರ

ಕಾಫಿಯ ಒಳ್ಳೆಯ ಗುಣ ಹೇಳಿ ಅಡಿಕೆಯ ವಿಷಯದಲ್ಲಿ ಮೌನವಾಗಿರುವುದು ನ್ಯಾಯವಲ್ಲ. ಅಡಿಕೆ ನಮ್ಮ ಅನೇಕ ಸದಸ್ಯರ ಜೀವನಾಧಾರ, ನಿಜ. ಆದರೂ ಅಡಿಕೆ ಜಗಿಯುವುದರಿಂದ ಕ್ಯಾನ್ಸರ್ ಬರುತ್ತದೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದೆ. ಜಗಿಯುವವರಲ್ಲಿ ಮಧುಮೇಹವೂ ಹೆಚ್ಚೆಂದು ತೈವಾನಿನ ಅಧ್ಯಯನಗಳು ತೋರಿಸಿವೆ. ಕಾಫಿಯಾದ ಮೇಲೆ ಎಲೆ ಅಡಿಕೆ ಎಂಬ ರೂಢಿ ಮನೆಯಲ್ಲಿದ್ದರೆ, ಸಕ್ಕರೆ ಕಾಯಿಲೆಯವರು ಎಲೆ ತಟ್ಟೆಯನ್ನು ದೂರವಿಡುವುದೇ ಕ್ಷೇಮ.

ಆಚರಣೆಗೆ ತರಬೇಕಾದುವು

1. ಲೋಟಕ್ಕೆ ಅರ್ಧ ಚಮಚದಂತೆ ಸಕ್ಕರೆ ಇಳಿಸುತ್ತ ಬನ್ನಿ. ಕೆಲವು ವಾರಗಳಲ್ಲಿ ನಾಲಿಗೆ ಒಗ್ಗಿಕೊಳ್ಳುತ್ತದೆ.

2. ದಿನಕ್ಕೆ ಎರಡು ಮೂರು ಸಣ್ಣ ಲೋಟ ಸಾಕು. ಸಂಜೆಯ ಮೇಲೆ ಬೇಡ. ನಿದ್ದೆಗೆಟ್ಟರೆ ಸಕ್ಕರೆಯೂ ಏರುತ್ತದೆ.

3. ಬರಿಹೊಟ್ಟೆಯ ರಕ್ತ ಪರೀಕ್ಷೆಗೆ ಹೋಗುವಾಗ ಸಕ್ಕರೆಯಿಲ್ಲದ ಕಾಫಿಯನ್ನೂ ಕುಡಿಯಬಾರದು. 8 ಗಂಟೆಗಳ ಕಾಲ ನೀರು ಮಾತ್ರ. ಫಲಿತಾಂಶ 100ರೊಳಗಿದ್ದರೆ ಸರಿ. 100ರಿಂದ 125 ಎಚ್ಚರಿಕೆಯ ಹಂತ. 126 ಅಥವಾ ಹೆಚ್ಚಿದ್ದರೆ ಮತ್ತೊಮ್ಮೆ ಪರೀಕ್ಷಿಸಿ ಖಚಿತಪಡಿಸಿಕೊಳ್ಳಬೇಕು.

4. ಕಾಯಿಲೆಯುಳ್ಳವರು ತೋಟದಲ್ಲಿ ಬರಿಗಾಲಿನಲ್ಲಿ ಓಡಾಡಬಾರದು. ಕಾಲಿನ ಸ್ಪರ್ಶಜ್ಞಾನ ಕುಂದಿದ್ದರೆ ಮುಳ್ಳು ಚುಚ್ಚಿದ್ದೂ ತಿಳಿಯದು. ಸಣ್ಣ ಗಾಯ ಕೊಳೆತು ಕಾಲನ್ನೇ ಕಳೆದುಕೊಳ್ಳುವ ಪ್ರಸಂಗ ಬರಬಹುದು. ರಾತ್ರಿ ಮಲಗುವ ಮುನ್ನ ಪಾದಗಳನ್ನು ನೋಡಿಕೊಳ್ಳಿ.

ಎಲೆಚುಕ್ಕೆಯೋ ಬೆರ್ರಿ ಕೊರಕವೋ ಕಾಣಿಸಿಕೊಂಡರೆ ನಾವು ಮರುದಿನವೇ ಮದ್ದು ವಿಚಾರಿಸುತ್ತೇವೆ. ನಮ್ಮ ದೇಹದ ವಿಷಯದಲ್ಲಿ ಮಾತ್ರ ಕೊಯ್ಲು ಮುಗಿಯಲಿ, ಮಂಡಿಗೆ ಹೋಗಿ ಬರಲಿ ಎಂದು ಮುಂದೂಡುತ್ತೇವೆ. 30 ವರ್ಷ ದಾಟಿದ ಪ್ರತಿಯೊಬ್ಬ ಸದಸ್ಯರೂ ಅವರ ಮನೆಯವರೂ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿಕೊಳ್ಳಬೇಕೆಂದೂ, ತೋಟದ ಆಳುಗಳನ್ನೂ ಜೊತೆಗೆ ಕರೆದೊಯ್ಯಬೇಕೆಂದೂ ಕೋರುತ್ತೇವೆ.